ಬುಧವಾರದ ಚಪ್ಪಲಿ

"ನಮಸ್ಕಾರ ಟೀಚರಮ್ಮ" ಎಂದ ವಾಚ್ ರಿಪೇರಿಯವನು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ. ಎದುರುಮನೆಯ ಟೀಚರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲನ್ನು ದಬ್ಬೆಂದು ಹಾಕಿಕೊಂಡರು.

ಮೆಟ್ಟಿಲಿಳಿಯುವಾಗ ಕೆಳಮಹಡಿಯ ಬಸ್ ಡ್ರೈವರ್ ಎದುರಾದ. ಅವನ ಮುಖವೂ ಊದಿಕೊಂಡಿತ್ತು.

"ರೀ, ಇಲ್ಲೂ ಏನಾದ್ರೂ ಕಿತಾಪತಿ ಮಾಡಿದ್ರಾ?" ಎಂದು ಹೆಂಡತಿ ಸಂಜೆ ಕೇಳಿದಳು.

"ದೇವರಾಣೆ ಇಲ್ಲ ಕಣೇ. ಬಾಯಿ ಹೊಲ್ಕೊಂಡು ಕೂತಿದ್ದೀನಿ."

ಹೆಂಡತಿ ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. ಹಿಂದಿನ ಮನೆಯಲ್ಲಿ ಇವನು ಪಕ್ಕದವರಿಗೆ ಬಟ್ಟೆ ಎಲ್ಲಿ ಒಣಹಾಕಬೇಕು, ರೇಡಿಯೋ ಎಷ್ಟು ದೂರ ಕೇಳಿಸಬೇಕು, ಮಕ್ಕಳು ಯಾವಾಗ ಅಳಬೇಕು ಎಂದೆಲ್ಲ ಪಾಠ ಹೇಳಿ, ಕೊನೆಗೆ ಬೀದಿಯವರೆಲ್ಲ ಸೇರಿ ಇವರ ಸಾಮಾನನ್ನು ಲಾರಿಗೆ ಹತ್ತಿಸಿಕೊಟ್ಟಿದ್ದರು. ಕೂಲಿ ಕೂಡ ಕೇಳಿರಲಿಲ್ಲ.

"ಈ ಮನೇನೂ ಬಿಡೋ ಹಾಗಾದ್ರೆ," ಎಂದಳು ಹೆಂಡತಿ, "ನಿಮಗೊಂದು ಲಾರಿ, ನನಗೊಂದು ಲಾರಿ. ಬೇರೆ ಬೇರೆ ದಿಕ್ಕಿಗೆ."

ಹಾಗಾಗಿ ಅವನು ಇಲ್ಲಿ ತುಟಿ ಪಿಟಕ್ಕೆನ್ನದೆ ಎಲ್ಲ ನಿಯಮವನ್ನೂ ಪಾಲಿಸುತ್ತಿದ್ದ. ನಿಯಮಗಳೆಲ್ಲ ನೆಲಮಹಡಿಯ ಅಜ್ಜಿಯವು. ಮನೆ ಮಾಲೀಕನಿಗೆ ಸೋದರತ್ತೆ. ಕಟ್ಟಡದ ಉಸ್ತುವಾರಿ ಅವಳ ಕೈಯಲ್ಲಿತ್ತು. ಬೆನ್ನ ಹಿಂದೆ ಎಲ್ಲರಿಗೂ ಅವಳು ಜೈಲರಜ್ಜಿ. ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು. ಗೇಟಿನ ಚಿಲಕ ಹಾಕಬೇಕು. ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ಆರಿಸಬೇಕು. ಅಷ್ಟೇ. ಆದರೂ ದಿನಕ್ಕೊಬ್ಬರು ಸಿಕ್ಕಿಬೀಳುತ್ತಿದ್ದರು. ಇವತ್ತು ಡ್ರೈವರ್ ಗೇಟು ತೆರೆದಿಟ್ಟರೆ ನಾಳೆ ಟೀಚರಮ್ಮ ಮೋಟಾರ್ ಮರೆಯುತ್ತಿದ್ದರು. ಅಜ್ಜಿಯ ಬೈಗುಳ ಟೆರೇಸಿನ ತನಕ ಹತ್ತುತ್ತಿತ್ತು. ಓದಿದವರಿಗೂ ಇಷ್ಟು ತಿಳಿಯುವುದಿಲ್ಲವಲ್ಲ ಎಂದು ವಾಚ್ ರಿಪೇರಿಯವನ ನಾಲಿಗೆ ತುರಿಸುತ್ತಿತ್ತು. ಲಾರಿ ನೆನೆದು ಸುಮ್ಮನಾಗುತ್ತಿದ್ದ.

ಭಾನುವಾರ ಡ್ರೈವರ್ ಬಂದು ಬಾಗಿಲು ತಟ್ಟಿದ. "ಸ್ವಲ್ಪ ಟೆರೇಸಿಗೆ ಬನ್ನಿ. ಮಾತಾಡೋದಿದೆ."

ಮೇಲೆ ಅಜ್ಜಿಯೊಬ್ಬಳನ್ನು ಬಿಟ್ಟು ಕಟ್ಟಡಕ್ಕೆ ಕಟ್ಟಡವೇ ನಿಂತಿತ್ತು. ವಾಚ್ ರಿಪೇರಿಯವನಿಗೆ ಕಣ್ಣೆದುರು ಎರಡು ಲಾರಿ ಬಂದು ನಿಂತವು.

"ನೀವು ಬಂದು ತಿಂಗಳಾಯ್ತು," ಎಂದರು ಟೀಚರಮ್ಮ. "ಇವತ್ತಿನ ತನಕ ಒಂದು ತಪ್ಪೂ ಮಾಡಿಲ್ಲ."

"ಇಲ್ಲ," ಎಂದ ಅವನು, ಎದೆ ಉಬ್ಬಿಸಿ.

"ನಾಚಿಕೆ ಆಗಲ್ವಾ ನಿಮಗೆ?"

ಉಬ್ಬಿದ ಎದೆ ಇಳಿಯಿತು.

ಡ್ರೈವರ್ ಬಿಡಿಸಿ ಹೇಳಿದ. "ಒಂದ್ಸಲ ನಾವೆಲ್ಲ ರೋಸಿಹೋಗಿ, ಅಜ್ಜಿಗೆ ಬೈಯೋಕೆ ಒಂದು ಕಾರಣಾನೂ ಸಿಗಬಾರ್ದು ಅಂತ ಸರಿಯಾಗಿ ನಡ್ಕೊಂಡ್ವಿ. ಅಜ್ಜಿ ಮಂಕಾದ್ರು. ಆಮೇಲೆ ಹಾಸಿಗೆ ಹಿಡಿದ್ರು, ಊಟ ಬಿಟ್ರು. ಆಗ ನನಗೂ ಟೀಚರಮ್ಮಂಗೂ ನೀರಿನ ಜಗಳ. ಕೈ ಕೈ ಮಿಲಾಯಿಸೋದೊಂದು ಬಾಕಿ. ಆದ್ರೂ ಅಜ್ಜಿ ತಲೆ ನಾನು ಹಿಡ್ಕೊಂಡೆ, ಕಾಲು ಅವರು ಹಿಡ್ಕೊಂಡ್ರು, ಆಸ್ಪತ್ರೆಗೆ ಓಡಿದ್ವಿ."

"ಡಾಕ್ಟರು ಏನೂ ಕಾಯಿಲೆ ಇಲ್ಲ ಅಂದ್ಬಿಟ್ರು," ಎಂದರು ಟೀಚರಮ್ಮ. "ಅವರಿಗೇನು ಗೊತ್ತು! ವಾಪಸ್ ಬಂದಾಗ ಗಡಿಬಿಡೀಲಿ ಇವರು ಗೇಟ್ ಹಾಕಲಿಲ್ಲ. ಮಲಗಿದ್ದ ಅಜ್ಜಿ ಎದ್ದು ಕೂತು ಬೈದ್ರು ನೋಡಿ! ಬೈದು ಮುಗಿಸಿ ಎರಡು ತಟ್ಟೆ ಊಟ ಮಾಡಿದ್ರು."

"ಅವತ್ತಿಂದ ಸರದಿ ಹಾಕ್ಕೊಂಡಿದ್ದೀವಿ," ಎಂದ ಡ್ರೈವರ್. "ಬೈಸ್ಕೊಳ್ಳೋದು ಇಲ್ಲಿ ಎಲ್ಲರ ಜವಾಬ್ದಾರಿ. ನೀವೊಬ್ಬರು ಮಾತ್ರ ಸಾಚಾ ಥರ ಓಡಾಡಿದ್ರೆ ಹೇಗೆ? ಬುಧವಾರ ನಿಮ್ಮದು."

ಬುಧವಾರ ಬೆಳಗ್ಗೆ ಅವನು ಕಳ್ಳನ ಹಾಗೆ ಅತ್ತಿತ್ತ ನೋಡಿ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ. ಹುಟ್ಟಿದಾರಭ್ಯ ಇಂಥ ಕೆಲಸ ಮಾಡಿದವನಲ್ಲ.

"ಇದು ಮೆಟ್ಟಿಲೋ, ಚಪ್ಪಲಿ ಅಂಗಡಿಯೋ?" ಅಜ್ಜಿಯ ಕಂಠ ಸಿಡಿಯಿತು. "ವಾಚೊಳಗಿನ ಕೂದಲೆಳೆ ಕಾಣುತ್ತೆ ನಿನಗೆ, ಹತ್ತಿ ಇಳಿಯೋರ ಕಾಲು ಕಾಣಲ್ವಾ? ಎಡವಿ ಬಿದ್ದು ಯಾರದ್ದಾದ್ರೂ ಸೊಂಟ ಮುರಿದ್ರೆ ಅದನ್ನೂ ರಿಪೇರಿ ಮಾಡ್ತೀಯಾ?"

ಮೇಲೆ ಕಂಬಿಯುದ್ದಕ್ಕೂ ತಲೆಗಳು ಬಗ್ಗಿದ್ದವು. ಟೀಚರಮ್ಮ ತಿಂಗಳಲ್ಲಿ ಮೊದಲ ಬಾರಿ ಅವನನ್ನು ನೋಡಿ ನಕ್ಕರು. ಡ್ರೈವರ್ ಹೆಬ್ಬೆರಳೆತ್ತಿ ತೋರಿಸಿದ. ಅವರ ನಡುವೆ ನಿಂತ ಹೆಂಡತಿಯ ಭುಜದ ಮೇಲೆ ಯಾರದೋ ಕೈ ಇತ್ತು. ವಾಚ್ ರಿಪೇರಿಯವನಿಗೆ ಲಾರಿ ದೂರ ಹೋದ ಸದ್ದು ಕೇಳಿಸಿದಂತಾಯಿತು.

"ಒಳಗೆ ಬಾ!" ಎಂದು ಅಜ್ಜಿ ಗುಡುಗಿದಳು.

ಮೇಲಿನ ನಗು ನಿಂತಿತು. ಇಷ್ಟು ಕಾಲದಲ್ಲಿ ಅಜ್ಜಿ ಯಾರನ್ನೂ ಒಳಗೆ ಕರೆದಿರಲಿಲ್ಲ.

ಅಜ್ಜಿ ಬಾಗಿಲ ಚಿಲಕ ಹಾಕಿದಳು. ಕುರ್ಚಿಯಲ್ಲಿ ಕುಸಿದು, ಬಿಸಿನೀರಿಗೆ ಉಪ್ಪು ಹಾಕಿ ಗೊಳಗೊಳ ಗಂಟಲು ತೊಳೆದುಕೊಂಡಳು. ಆಮೇಲೆ ಬೇರೆ ಯಾರದೋ ಎನ್ನುವಷ್ಟು ಮೆತ್ತಗಿನ ದನಿಯಲ್ಲಿ ಕೇಳಿದಳು:

"ಬುಧವಾರ ನಿನ್ನ ತಲೆಗೆ ಕಟ್ಟಿದ್ರಾ ಮಗ?"

ಅವನು ತಿರುಗಿ ಬಾಗಿಲ ಚಿಲಕ ನೋಡಿದ.

"ತಪ್ಪು ಮಾಡೋಕೂ ಬರಲ್ವಲ್ಲೋ ನಿನಗೆ! ಚಪ್ಪಲೀನ ಜೋಡಿಸಿ ಗೋಡೆಗೆ ಒತ್ತಿ ಇಟ್ಟಿದ್ದೀಯ. ಇಂಥದಕ್ಕೆ ಏನೂಂತ ಬೈಲಿ ನಾನು? ಮುಂದಿನ ವಾರ ಅಡ್ಡಾದಿಡ್ಡಿ ಬಿಡು."

"ಅಜ್ಜಿ... ಹಾಗಾದ್ರೆ ಅವತ್ತು ನಿಮಗೆ ಬಂದಿದ್ದ ಕಾಯಿಲೆ?"

"ಆ ಡಾಕ್ಟರೊಬ್ಬನೇ ನಿಜ ಹೇಳಿದ್ದು, ಪಾಪ. ಯಾರೂ ನಂಬಲಿಲ್ಲ." ಅವಳು ಎದ್ದು ಚಿಲಕಕ್ಕೆ ಕೈ ಹಾಕಿದಳು. "ಹೋಗು, ಮುಖ ಸಪ್ಪಗೆ ಮಾಡ್ಕೊಂಡು ಹೋಗು. ನಾನು ಬೈಯೋದು ನಿಲ್ಲಿಸಿದ್ರೆ ಇವರು ಮತ್ತೆ ಒಬ್ಬರನ್ನೊಬ್ಬರು ಬೈಯೋಕೆ ಶುರು ಮಾಡ್ತಾರೆ."