ಕಂಬಕ್ಕೆ ಕೇಳಿದ್ದು

"ಚಿಂಚೋಳಿ ಬಸ್ಸು ಮುಂಜಾನೆ ಎಷ್ಟಕ್ಕ ಬಿಡ್ತಾರೋ ಏನೋ?"

ಭಾಮಾ ಕೇಳಿದ್ದು ಯಾರನ್ನೂ ಅಲ್ಲ. ಅಡಿಗೆಮನೆಯ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಪಡಸಾಲೆಯ ಕಂಬದ ಕಡೆ ಮುಖ ಮಾಡಿ ಕೇಳಿದಳು. ಸೇಡಂನ ಆ ಮನೆಯಲ್ಲಿ ಗಂಡನಿಗೆ ಹೇಳಬೇಕಾದದ್ದನ್ನು ಹೆಂಗಸರು ಕಂಬಕ್ಕೆ ಹೇಳುವುದೇ ವಾಡಿಕೆ. ಅವಳ ಅತ್ತೆ ಅಮೃತಮ್ಮ ಇಡೀ ಸಂಸಾರವನ್ನು ಹಾಗೆಯೇ ತೂಗಿಸಿಕೊಂಡು ಹೋಗಿದ್ದರು. "ಎಣ್ಣಿ ತೀರ್ಯದ" ಎಂದು ಕಂಬಕ್ಕೆ ಅಂದರೆ ಸಂಜೆಗೆ ಎಣ್ಣೆ ಬರುತ್ತಿತ್ತು. "ತವರಮನ್ಯಾಗ ಮದಿವಿ ಅದಂತ" ಅಂದರೆ ಮಾವನವರು ಎರಡನೆಯ ಮಾತಿಲ್ಲದೆ ಸ್ಟೇಶನ್ನಿಗೆ ಹೋಗಿ ಟಿಕೀಟು ತರುತ್ತಿದ್ದರು. ಮಾವನವರು ಮೂರನೆಯ ಇಯತ್ತೆ ಕಲಿತವರು. ಅವರ ಮಗ ಸುಮಧ್ವ ಮಾತಿನ ಅರ್ಥವನ್ನೇ ಶೋಧಿಸಲು ಹೊರಟವನು. ಹಾಗಾಗಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.

ಸುಮಧ್ವ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ. ಎರಡು ಸಾವಿರದ ಇಸವಿಯ ಸುಮಾರಿಗೆ ಹೈದರಾಬಾದಿನಲ್ಲಿ ಯಾವುದೋ ಶಿಬಿರ ಮುಗಿಸಿ ಬಂದವನೇ ಹಳೆಯ ಕಂಪ್ಯೂಟರೊಂದನ್ನು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿ, ಅದಕ್ಕೆ ಕನ್ನಡ ತಿಳಿಯುವಂತೆ ಮಾಡುವ ವ್ರತ ಹಿಡಿದಿದ್ದ. ಅವನ ಮತದಲ್ಲಿ ಕ್ರಿಯಾಪದವೆಂದರೆ ಹಿಟ್ಟಿನ ಗಿರಣಿ. ಮೇಲಿನಿಂದ ಯಾರದಾದರೂ ಹೆಸರು ಸುರಿದರೆ, ಮಾತು ನಿಜವಿದ್ದಲ್ಲಿ ಕೆಳಗೆ 'ಹೌದು' ಬೀಳಬೇಕು, ಸುಳ್ಳಿದ್ದಲ್ಲಿ 'ಇಲ್ಲ' ಬೀಳಬೇಕು. ಬೇರೆ ಏನು ಬಿದ್ದರೂ ಅದು ಅರ್ಥವಲ್ಲ, ಹೊಟ್ಟು.

ಹೋದ ತಿಂಗಳು ಈ ಗಿರಣಿಗೆ ಒಳ್ಳೆಯ ಕಾಳು ಸಿಕ್ಕಿತ್ತು. ಚಿಂಚೋಳಿಯ ಹೆಣ್ಣುಮಕ್ಕಳ ಶಾಲೆಯೊಂದರಿಂದ ಭಾಮಾಳಿಗೆ ವಿಜ್ಞಾನ ಶಿಕ್ಷಕಿಯ ನೇಮಕದ ಆದೇಶ ಬಂತು. ಬಿ.ಎಡ್. ಮುಗಿಸಿ ಈ ಮನೆ ತುಂಬಿದ ದಿನದಿಂದ ಅವಳು ಕಾಯ್ದದ್ದು ಅದೊಂದಕ್ಕೇ. ಇಂಥ ಸೋಮವಾರ ಹಾಜರಾಗದಿದ್ದರೆ ಹುದ್ದೆ ಮುಂದಿನವರಿಗೆ ಹೋಗುವುದು ಎಂದು ಬರೆದಿತ್ತು. ಓದಿದ ಸುಮಧ್ವನಿಗೆ ಆನಂದವೋ ಆನಂದ. 'ಹೀಗಾದರೆ ಹೀಗೆ' ಎಂಬ ಜಾತಿಯಲ್ಲಿ ಇಷ್ಟು ಚೊಕ್ಕ ವಾಕ್ಯವನ್ನು ಅವನು ಕಂಡೇ ಇರಲಿಲ್ಲ. ಯಂತ್ರಕ್ಕೆ ಉಣಿಸಿದ, ಭಾಮಾ ಹಾಜರಾಗದಿದ್ದರೆ ಹುದ್ದೆ ಹೋಗುತ್ತದೆಂದು ಯಂತ್ರ ತಪ್ಪಿಲ್ಲದೆ ಹೇಳಿತು. ಸಂಭ್ರಮಕ್ಕೆ ಪೇಢೆ ತಂದು ಕಾಲೇಜಿಗೆಲ್ಲ ಹಂಚಿ, ಭಾಮಾಳಿಗೂ ಒಂದು ಕೊಟ್ಟ. ನೌಕರಿಗೆ ಹೂಂ ಅಂದಂತಾಯಿತೆಂದು ತಿಳಿದು ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ತಿಂದಳು.

ಆ ಸೋಮವಾರ ಈಗ ನಾಳೆಯೇ ಇತ್ತು. ಪೇಢೆ ತಿಂದಂದಿನಿಂದ ಅವಳು ಕಂಬಕ್ಕೆ ಹೇಳದೆ ಬಿಟ್ಟದ್ದಿಲ್ಲ. ಕಾಟನ್ ಸೀರೆಗೆ ಇಸ್ತ್ರಿ ಆಗಬೇಕೆಂದಳು. ಪಕ್ಕದ ಮನೆಯ ಶ್ರೀವಾಣಿ ದಿನಾ ಚಿತ್ತಾಪುರಕ್ಕೆ ಹೋಗಿ ಕಲಿಸಿ, ದೀಪ ಹಚ್ಚುವುದರೊಳಗೆ ಮನೆಗೆ ಬರುತ್ತಾಳೆಂದಳು. ಕಂಬವಾದರೂ ಕೇಳಿತು.

ಯಂತ್ರದ ಮುಂದೆ ಸುಮಧ್ವನ ಜೊತೆ ತಾಹಿರ್ ಕೂತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವವನು. ಯಂತ್ರ ಕೆಟ್ಟರೆ ರಿಪೇರಿಗೆ, ಕೆಡದಿದ್ದರೆ ಚಹಾಕ್ಕೆ ಬರುವವನು. ನಾಳೆ ಹೈದರಾಬಾದಿನಿಂದ ಪ್ರೊಫೆಸರೊಬ್ಬರು ಗಿರಣಿ ನೋಡಲು ಬರುವವರಿದ್ದರು, ಇವತ್ತು ಅದರ ತಾಲೀಮು. ಸುಮಧ್ವ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿದ: ಭಾಮಾಳಿಗೆ ಏನಾದರೂ ಬೇಕೇ? ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ಉತ್ತರ ಬಂತು: ಇಲ್ಲ.

"ಅದಕ್ಕ ಹ್ಯಾಂಗ ಗೊತ್ತಾತ್ರಿ ಸರ್?" ಎಂದ ತಾಹಿರ್.

"ಬೇಕಂತ ಯಾರೂ ಹೇಳಿಲ್ಲಲ್ಲೋ. ಹೇಳಲಾರದ್ದು ಇಲ್ಲ ಅಂತ ತಿಳೀಬೇಕು, ಅದು ನಿಯಮ. ಇಲ್ಲಾಂದ್ರ ಮೂರು ಲೋಕದ್ದೂ ಅದಕ್ಕ ಹೇಳಿಕೋತ ಕೂಡಬೇಕಾಗ್ತದ."

"ಭಾಳ ಆರಾಮ ಅದ ಬಿಡ್ರಿ ನಿಮ್ಮ ಮಷೀನಿಗೆ. ನನ್ನ ಹೇಣ್ತಿ ನಾಹಿದಗ ಈ ನಿಯಮ ಹೇಳಿದೆ ಅಂದ್ರ, ನಾ ನಿಮ್ಮ ಕಟ್ಟಿ ಮ್ಯಾಲೇ ಹಾಸಿಗಿ ಹಾಕಬೇಕಾಗ್ತದ."

ವೈನಿಯವರು ಈಗಷ್ಟೇ ಬಸ್ಸಿನದೇನೋ ಕೇಳಿದರಲ್ಲ, ಅದನ್ನೂ ಹಾಕಿ ನೋಡಿ ಎಂದ ತಾಹಿರ್. ಸುಮಧ್ವ ಹಾಕಿದ. ಈ ಪ್ರಶ್ನೆ ಕೇಳಿದ್ದು ಯಾರಿಗೆ ಎಂದಿತು ಯಂತ್ರ. ಸುಮಧ್ವ ಸತ್ಯವಂತ, ಯಾರಿಗೂ ಅಲ್ಲ ಎಂದು ಒತ್ತಿದ. ಯಂತ್ರ ಆ ಸಾಲನ್ನು ಅಳಿಸಿ ಹಾಕಿತು. ಯಾರಿಗೂ ಕೇಳದ ಪ್ರಶ್ನೆ ಪ್ರಶ್ನೆಯೇ ಅಲ್ಲವೆಂದು ಅವನು ಬಿಡಿಸಿ ಹೇಳುತ್ತಿದ್ದ ಹಾಗೆ ಬಾಗಿಲಲ್ಲಿ ಮೊರದ ಸದ್ದು ನಿಂತಿತು. ತಾಹಿರ್ ಅತ್ತ ಒಮ್ಮೆ ನೋಡಿದವನೇ, ಕರೆಂಟು ಹೋಗುವ ಹೊತ್ತಾಯಿತೆಂದು ಎದ್ದು ಚಪ್ಪಲಿ ಮೆಟ್ಟಿದ. ಚಹಾ ಅರ್ಧಕ್ಕೇ ಉಳಿಯಿತು.

ಭಾಮಾಳಿಗೆ ಎಲ್ಲವೂ ಕೇಳಿಸಿತ್ತು. ಅವಳಿಗೆ ಅಳು ಬರಬಹುದಿತ್ತು, ಬಂದದ್ದು ನಗು. ಇಷ್ಟು ದಿನ ತಾನು ಎರಡು ಕಂಬಗಳಿರುವ ಮನೆಯಲ್ಲಿ ಒಂದಕ್ಕೆ ಮಾತ್ರ ಹೇಳುತ್ತ ಬಂದೆನಲ್ಲ ಎನಿಸಿತು.

ಅಷ್ಟರಲ್ಲಿ ಸುಮಧ್ವನೇ ಎದ್ದು ಬಾಗಿಲಿಗೆ ಬಂದು ನಾಳೆಯ ಮಾತು ತೆಗೆದ. ಪ್ರೊಫೆಸರು ದೊಡ್ಡ ತರ್ಕಪಂಡಿತರು, ಪ್ರಮಾಣವಿಲ್ಲದೆ ಬ್ರಹ್ಮ ಹೇಳಿದರೂ ನಂಬುವವರಲ್ಲ. ಹೊರಗಿನ ಊಟ ಮಾತ್ರ ಮುಟ್ಟುವುದಿಲ್ಲ, ಮಡಿಯಲ್ಲಿ ಮಾಡಿದ್ದೇ ಆಗಬೇಕು. ಹುಳಿ, ಎರಡು ಪಲ್ಯ, ಹೋಳಿಗೆ ಆದರೆ ಸಾಕು. ಊಟವಾದ ಮೇಲೆ ಅವಳೇ ಯಂತ್ರದ ಮುಂದೆ ಕೂತು, ಮನೆಯ ಹೆಂಗಸರು ಆಡುವಂಥ ಸಾದಾ ಮಾತು ನಾಲ್ಕು ಆಡಿ ತೋರಿಸಿದರೆ ಇನ್ನೂ ಚಲೋ.

ಭಾಮಾ ಮೊರ ಬದಿಗಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಗಂಡನ ಮುಖ ನೋಡಿ ಹೇಳಿದಳು:

"ನಾಳೆ ನಾ ಚಿಂಚೋಳಿಗೆ ಹೋಗಿ ನೌಕರಿಗೆ ಹಾಜರ್ ಆಗತೀನಿ."

ಸುಮಧ್ವ ತಬ್ಬಿಬ್ಬಾದ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದ. ಹಾಜರಾಗದಿದ್ದರೆ ಏನಾಗುತ್ತದೆಂಬುದನ್ನು ಕಾಲೇಜಿಗೆಲ್ಲ ಪೇಢೆ ಹಂಚಿ ಸಾರಿದವನು ಈಗ ದನಿ ಇಳಿಸಿ, ಕೈ ಹಿಸುಕಿಕೊಳ್ಳುತ್ತ ನಿಂತ.

"ಒಂದೇ ದಿನ, ಭಾಮಾ. ಅವರು ಉಂಡು ಹೋಗಲಿ. ಮಂಗಳವಾರ ನಾನೇ ಕರಕೊಂಡು ಹೋಗಿ, ಹೆಡ್‌ಮಾಸ್ತರಿಗೆ ಹೇಳಿ ಬರ್ತೀನಿ. ನನ್ನ ಸಲುವಾಗಿ ನಾಳೆ ಒಂದಿನ ಇರು."

"ಒಲ್ಲೆ," ಎಂದಳು ಭಾಮಾ.