ಸ್ಟೀರಿಂಗ್ ಹಿಡಿದವರ ಹಾಡು

ಗೌಲ್ಬರ್ನ್ ದಾಟುವುದರೊಳಗೆ ಅಭಿನಂದನ್ ಮೂರನೆಯ ಸಲ ಕಾರಿನ ಸ್ಟೀರಿಯೊಗೆ ಕೈ ಹಾಕಿದ. ಮಧುರಾ ರಸ್ತೆಯಿಂದ ಕಣ್ಣು ಕದಲಿಸದೆಯೇ ಗಂಡನ ಕೈಗೊಂದು ಏಟು ಕೊಟ್ಟಳು.

"ಸ್ಟೀರಿಂಗ್ ಹಿಡಿದವರದೇ ಹಾಡು. ಈ ರೂಲ್ ಮಾಡಿದ್ದು ಯಾರು ರೀ?"

"ನಾನೇ. ಆದ್ರೆ ಆಗ ನಿಂಗೆ ಲೈಸೆನ್ಸ್ ಇರ್ಲಿಲ್ವಲ್ಲ!"

"ಈಗ ಇದೆ."

ಇತ್ತು. ಮೂರನೆಯ ಟೆಸ್ಟಿನಲ್ಲಿ ಸಿಕ್ಕಿ ಆರು ವಾರವಾಗಿತ್ತು. ಅವಳ ಹಳೆ ಕಾರಿನ ಹಿಂದೆ ಮುಂದೆ ಕೆಂಪು 'ಪಿ' ಫಲಕ; ಹೊಸಬರು, ತೊಂಬತ್ತರ ಮೇಲೆ ಹೋಗುವಂತಿಲ್ಲ ಎಂದು ಅದರ ಅರ್ಥ. ನೂರಹತ್ತರ ಹೈವೇಯಲ್ಲಿ ಲಾರಿಗಳೂ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಸಿಡ್ನಿಯ ಕೆಲ್ಲಿವಿಲ್‌ನಿಂದ ಮೆಲ್ಬರ್ನ್‌ನ ಟಾರ್ನೀಟ್‌ಗೆ ಅಭಿನಂದನ್ ಹತ್ತು ಗಂಟೆಯೊಳಗೆ ತಲುಪಿಸುತ್ತಿದ್ದ. ಇವತ್ತು ಹನ್ನೆರಡಾದರೂ ಆಗಬಹುದು ಎಂದು ಅವನು ಗೊಣಗಿದಾಗ, "ಎರಡು ಆಲ್ಬಮ್ ಜಾಸ್ತಿ ಕೇಳಬಹುದು ಬಿಡಿ" ಎಂದಿದ್ದಳು.

ಹೊರಟಿದ್ದು ಗೆಳೆಯ ಸುಘೋಷನ ಮನೆಗೆ. ಎರಡೂ ಊರುಗಳ ಹತ್ತು ಹನ್ನೆರಡು ಕನ್ನಡಿಗರು ವರ್ಷಕ್ಕೊಮ್ಮೆ ಅಲ್ಲಿ ಸೇರಿ, ಒಬ್ಬೊಬ್ಬರೂ ತಮಗೆ ಹುಚ್ಚು ಹಿಡಿಸಿದ ಒಂದು ಆಲ್ಬಮ್ಮನ್ನು ಉಳಿದವರಿಗೆ ಕೇಳಿಸುತ್ತಿದ್ದರು. ಅಲ್ಲಿ ಅಭಿನಂದನನ ಮಾತೆಂದರೆ ಮಾತು. ಅವನು ಹೆಸರು ಹೇಳಿದ ಬ್ಯಾಂಡು ಮಾರನೆಯ ದಿನ ಎಲ್ಲರ ಫೋನಿನಲ್ಲಿರುತ್ತಿತ್ತು. ಮಧುರಾಳ ಪಾಲಿಗೆ ಬೋಂಡಾ. ಎಣ್ಣೆಯ ಹೊಗೆಗೆ ಮನೆಯೊಳಗಿನ ಅಲಾರಂ ಕಿರುಚಬಾರದೆಂದು ಸುಘೋಷ್ ಗ್ಯಾರೇಜಿನಲ್ಲೇ ಒಲೆ ಹೂಡಿಕೊಡುತ್ತಿದ್ದ. ಕಳೆದ ವರ್ಷ ಅವಳು ಕೈ ಒರೆಸಿಕೊಂಡು ಬಂದು "ನಾನೂ ಒಂದು ಹೇಳ್ಲಾ?" ಎಂದದ್ದೇ ತಡ, ಅಭಿನಂದನ್ "ನಮ್ ಮಧು ಎರಡನೇ ಹಾಡಿಗೇ ನಿದ್ದೆ ಹೋಗ್ತಾಳೆ, ಪಾಪ" ಎಂದುಬಿಟ್ಟ. ಎಲ್ಲರೂ ನಕ್ಕರು. ಅವಳೂ ನಕ್ಕಳು. ವರ್ಷವಾದರೂ ಆ ನಗು ಅವಳಿಗೆ ಅರಗಿರಲಿಲ್ಲ. ಈ ಸಲ ಆ ಮನೆಯಲ್ಲಿ ತನ್ನ ಆಲ್ಬಮ್ಮೂ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿಸಲೇಬೇಕು; ಅವಳಿಗೆ ಬೇಕಾಗಿದ್ದದ್ದು ಅಷ್ಟೆ.

ಯಾಸ್‌ನಲ್ಲಿ ಕಾಫಿ ಕುಡಿದು ಮತ್ತೆ ಹೊರಡುವ ಮುಂಚೆ ಅವಳು ಒಂದು ಸಿಡಿ ತೆಗೆದು ಒಳಗೆ ತಳ್ಳಿದಳು. ಹೊದಿಕೆಯ ಮೇಲೆ 'ಪೇಪರ್ ಕೆಟಲ್ಸ್' ಎಂದಿತ್ತು. ಅಭಿನಂದನ್ ಫೋನಿನಲ್ಲೆಲ್ಲ ಜಾಲಾಡಿದ.

"ಎಲ್ಲೂ ಇಲ್ಲ ಕಣೆ. ಎಲ್ಲೂ ಇಲ್ದೇ ಇರೋದು ಅದೆಂಥ ಬ್ಯಾಂಡು?"

"ಇಲ್ಲಿದೆಯಲ್ಲ. ಡ್ರೈವಿಂಗ್ ಕ್ಲಾಸ್ ಮುಗಿಸಿ ಬರ್ತಾ ಹಳೇ ಸಾಮಾನಿನ ಚಾರಿಟಿ ಅಂಗಡೀಲಿ ಸಿಕ್ತು. ರಿವರ್ಸ್ ಪಾರ್ಕಿಂಗ್ ಕಲ್ತಿದ್ದೇ ಇದನ್ನ ಕೇಳ್ಕೊಂಡು."

"ಅದಕ್ಕೇ ಎರಡು ಸಲ ಫೇಲು."

"ಪೂರ್ತಿ ಕೇಳದೆ ಯಾರೂ ಮಾತಾಡಬಾರದು. ಅದೂ ನಿಮ್ದೇ ರೂಲು."

ಮೊದಲ ಹಾಡಿಗೆ ಅವನು ಬೇಕೆಂದೇ ಆಕಳಿಸಿದ. ಎರಡನೆಯದಕ್ಕೆ ಕಿಟಕಿಯಾಚೆಯ ಕುರಿಗಳನ್ನು ನೋಡುತ್ತ ಕೂತ. ನಾಲ್ಕನೆಯದಕ್ಕೆ ಅವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮಧುರಾ ನೋಡಿಯೂ ನೋಡದಂತಿದ್ದಳು. ಆರನೆಯ ಹಾಡಿನ ನಡುವೆ ಅಕಾರ್ಡಿಯನ್ ಒಂದೇ ಸ್ವರ ಹಿಡಿದು ನಿಂತುಬಿಡುತ್ತದೆ. ಹಾಡುವ ಹೆಂಗಸು ಉಸಿರು ಸಾಲದೆ ನಕ್ಕುಬಿಡುತ್ತಾಳೆ. ಆ ನಗುವನ್ನು ಯಾರೂ ಕತ್ತರಿಸಿಲ್ಲ, ಮುಂದಿನ ಸಾಲು ಅದರೊಳಗಿಂದಲೇ ಏಳುತ್ತದೆ. ಅಭಿನಂದನ್ ನೆಟ್ಟಗೆ ಕೂತ.

"ಇದನ್ನ ಇನ್ನೊಂದ್ಸಲ ಹಾಕು."

"ಪೂರ್ತಿ ಮುಗೀಲಿ."

ಆಲ್ಬರಿ ಬರುವ ಹೊತ್ತಿಗೆ ಅದು ಮೂರು ಸಲ ಪೂರ್ತಿ ಮುಗಿದಿತ್ತು. ಅಭಿನಂದನ್ ಕೈ ಉಜ್ಜಿಕೊಂಡು, "ಈ ಸಲ ಇದನ್ನೇ ಹೇಳ್ತೀನಿ. ಎಲ್ಲರ ತಲೆ ತಿರುಗ್ಬೇಕು" ಎಂದ. ಅದು ಮಧುರಾ ತಾನೇ ಹೇಳಬೇಕೆಂದಿದ್ದ ಆಲ್ಬಮ್ಮು. ಆದರೂ ಕನ್ನಡಿಯಲ್ಲಿ ಹಿಂದಿನ ಲಾರಿಯನ್ನೊಮ್ಮೆ ನೋಡಿ, "ಹೇಳಿ ಹೇಳಿ" ಎಂದಳು.

ಹೇಳಿಯೇಬಿಟ್ಟ. ಬಿಸಿಲು ಇನ್ನೂ ಇರುವಾಗಲೇ ಟಾರ್ನೀಟ್ ತಲುಪಿ, ಶೂ ಬಿಚ್ಚುವ ಮುಂಚೆಯೇ ಸುಘೋಷನ ಹಾಲಿನ ನಡುವೆ ನಿಂತು, ತಾನೇ ಪಾತಾಳದಿಂದ ಎತ್ತಿ ತಂದವನ ಹಾಗೆ ಬ್ಯಾಂಡಿನ ಹೆಸರು ಸಾರಿದ. ಎಲ್ಲರ ಬೆರಳೂ ಫೋನಿನ ಮೇಲೆ ಓಡಿತು.

"ಎಲ್ಲೂ ಇಲ್ವಲ್ಲ ಗುರು," ಸುಘೋಷ್ ಹೇಳಿದ.

"ಸಿಡಿ ಇದೆ."

"ಸಿಡಿ ಹಾಕೋದು ಎಲ್ಲಿಗೆ?"

ಆ ಮನೆಯಲ್ಲಿ ಮೂಲೆಮೂಲೆಗೆ ಸ್ಪೀಕರು. ಅರ್ಧ ಗಂಟೆ ಹುಡುಕಿದರೂ ಸಿಡಿ ತೂರಿಸುವಷ್ಟು ಸಂದಿ ಒಂದರಲ್ಲೂ ಸಿಗಲಿಲ್ಲ. ಗ್ಯಾರೇಜಿನಲ್ಲಿ ಮೊದಲ ಬೋಂಡಾ ಎಣ್ಣೆಗೆ ಬಿಟ್ಟಿದ್ದ ಮಧುರಾ ಒಳಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಕಾರಿನ ಕೀ ಇತ್ತು.

"ನನ್ನ ಕಾರಿದೆ. ನಾಲ್ಕು ನಾಲ್ಕು ಜನ ಬನ್ನಿ. ಪೂರ್ತಿ ಮುಗಿಯೋವರೆಗೂ ಯಾರೂ ಇಳಿಯೋ ಹಾಗಿಲ್ಲ."

ಸುಘೋಷ್ ಓಡಿ ಹೋಗಿ ಮುಂದಿನ ಸೀಟು ಹಿಡಿದ. ಹಿಂದೆ ಮೂವರು ಮಂಡಿ ಮಡಚಿಕೊಂಡು ತುರುಕಿಕೊಂಡರು. ಕೊನೆಗೆ ಬಂದ ಅಭಿನಂದನ್ ಒಂದೊಂದೇ ಬಾಗಿಲಲ್ಲಿ ಇಣುಕಿ ಬಂದು ಅವಳ ಕಿಟಕಿಯ ಬಳಿ ನಿಂತ.

"ನಾನೆಲ್ಲಿ ಕೂರ್ಲಿ?"

"ನೀವು ಆಗ್ಲೇ ಮೂರು ಸಲ ಕೇಳಿದೀರಲ್ಲ. ಬೋಂಡಾ ಬಾಣಲೇಲಿದೆ, ಸೀದುಹೋಗತ್ತೆ ನೋಡಿ."

ಗಾಜು ಮೇಲೇರಿತು. ಒಳಗೆ ಮೊದಲ ಹಾಡು ಶುರುವಾಯಿತು. ಎದುರಿಗೆ, ಬಾಗಿಲು ತೆರೆದ ಗ್ಯಾರೇಜಿನಲ್ಲಿ, ಅವಳ ಗಂಡ ಜಾಲರಿ ಸೌಟು ಹಿಡಿದು ಕಾರಿನ ಕಡೆಗೇ ನೋಡುತ್ತ ನಿಂತಿದ್ದ.

ಆರನೆಯ ಹಾಡು ಶುರುವಾದಾಗ ಮಧುರಾ ತನ್ನ ಕಡೆಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದಳು.