ಅಕ್ಕ ಮುರಿದಿಟ್ಟ ಕಾಲು ಹೋಳಿಗೆ

ಎಳ್ಳು ಅಮಾವಾಸ್ಯೆ. ಬಿಳಿಜೋಳ ಎದೆಯೆತ್ತರ ನಿಂತು ತೆನೆ ಹಾಲುಗಟ್ಟುವ ಕಾಲ...

ಬಂಗಾರೆವ್ವ ಬನ್ನಿಮರದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮುಗಿಸಿದ್ದಳು. ಮಗ ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ ಬಂದ. ಭೂಮಿತಾಯಿಯ ಊಟ ಆಯಿತು.

ಆಮೇಲಿನ ಮೊದಲ ತುತ್ತು ಬಂಗಾರೆವ್ವನ ತಮ್ಮನಿಗೆ. ಅವನು ತಿಂದ ಮೇಲೆಯೇ ಅಕ್ಕ ಉಣ್ಣುವುದು. ಅದು ಅವರ ಮನೆತನದ ರೂಢಿ.

ತಮ್ಮ ಮಡಿವಾಳಪ್ಪ ಪೇಟೆಯಲ್ಲಿ ಟೇಲರ್. ಮೂರು ವರ್ಷದ ಹಿಂದೆ ಶುಗರ್ ಬಂತು. ಅಪ್ಪ ಅದೇ ರೋಗದಲ್ಲಿ ಕಾಲು ಕಳೆದುಕೊಂಡದ್ದನ್ನು ಕಂಡವನು... ಅಂಜಿಬಿಟ್ಟ.

ಅಂದಿನಿಂದ ಕೈಯಲ್ಲಿ ಹೆಜ್ಜೆ ಎಣಿಸುವ ವಾಚು, ಚೀಲದಲ್ಲಿ ಸೌತೆಕಾಯಿ ಡಬ್ಬಿ. ಹೋಳಿಗೆಗೆ ಹೆದರಿ ಎರಡು ವರ್ಷ ಹಬ್ಬಕ್ಕೇ ಬಂದಿರಲಿಲ್ಲ.

ಈ ಸಲ ಬಂದನಾದರೂ, ಅಕ್ಕ ಹೋಳಿಗೆಯ ತುತ್ತು ಚಾಚಿದಾಗ ಅದರ ಕಡೆ ನೋಡಲಿಲ್ಲ. ಇನ್ನೂ ನಾಲ್ಕು ಸಾವಿರ ಹೆಜ್ಜೆ ಉಳಿದಿವೆ ಎಂದು ಬದು ಹಿಡಿದು ನಡೆದುಬಿಟ್ಟ.

ತಿರುಗಿ ಬಂದಾಗ ಎಲ್ಲರದೂ ಊಟ ಆಗಿತ್ತು. ಅಕ್ಕ ಮಾತ್ರ ತಟ್ಟೆ ಹಿಡಿದು ಕೂತಿದ್ದಳು. ಆ ಚಳಿಯಲ್ಲೂ ಹಣೆ ಬೆವರಿತ್ತು... ಕೈ ನಡುಗುತ್ತಿತ್ತು.

"ಮಾವ, ಅತ್ತಿ ಮುಂಜಾನೆ ಶುಗರ್ ಗುಳಿಗಿ ತಗೊಂಡಾರ. ನೀವು ತಿನ್ನೂತನಕ ಉಣ್ಣಾಕ ಒಲ್ಲೆ ಅಂತಾರ. ಸಕ್ಕರಿ ಇಳಿದೈತಿ," ಎಂದಳು ಸೊಸೆ.

ಅಕ್ಕನಿಗೂ ಶುಗರ್! ಹನ್ನೆರಡು ವರ್ಷದಿಂದ. ತಮ್ಮ ಅಂಜುತ್ತಾನೆಂದು ಹೇಳಿರಲಿಲ್ಲವಂತೆ.

ಮಡಿವಾಳಪ್ಪ ಹೋಳಿಗೆ ಚೂರನ್ನು ಅಕ್ಕನ ಬಾಯಿಗೆ ಹಿಡಿದ. ಅವಳು ತುಟಿ ಬಿಗಿದಳು.

"ಮೊದಲ ನೀ."

ಅವನು ತಿಂದ. ಆಗಲೇ ಅವಳು ಇನ್ನೊಂದು ಚೂರಿಗೆ ಬಾಯಿ ತೆರೆದದ್ದು. ಸೊಸೆ ಬೆಲ್ಲದ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅಕ್ಕನ ನಡುಕ ನಿಂತಿತು... ತಮ್ಮನ ಕಣ್ಣು ತುಂಬಿತ್ತು.

ಆಗ ತಟ್ಟೆ ನೋಡಿದ. ಸಜ್ಜೆ ರೊಟ್ಟಿ ಇತ್ತು, ಪಲ್ಯ ಇತ್ತು. ಬೇರೆ ಹೋಳಿಗೆ ಇರಲಿಲ್ಲ. ಅವಳು ಇಟ್ಟುಕೊಂಡಿದ್ದೇ ಆ ಎರಡು ಚೂರು.

"ನಿನಗ ಕಾಲು, ನನಗ ಕಾಲು ಅಂತ ಮುರಿದಿಟ್ಟಿದ್ದೆ. ಪೂರ್ತಿ ಕೊಡಾಕ ನನಗೇನು ಹುಚ್ಚೇನೋ? ವರ್ಷಪೂರ್ತಿ ಬಾಯಿ ಕಟ್ಟೋದು ಯಾತಕ್ಕ... ಇಂಥ ಒಂದಿನ ಕೂಡಿ ಉಣ್ಣಾಕ ಅಲ್ಲೇನು?"

ಹಿಂದಿನ ಎರಡು ವರ್ಷದ ತುತ್ತೂ ಕೊಟ್ಟುಬಿಡು ಎಂದ ಮಡಿವಾಳಪ್ಪ, ಕಣ್ಣೊರೆಸಿಕೊಂಡು.

"ಅದು ಬಾಕಿನೇ ಇರಲಿ. ಒಮ್ಮೆಲೆ ತೀರಿಸಿದ್ರ ಸಕ್ಕರಿ ಏರತೈತಿ."

ಊಟವಾದ ಮೇಲೆ ಅಕ್ಕ ತಮ್ಮ ಕೂಡಿಯೇ ಬದು ಸುತ್ತಿದರು. ಎಷ್ಟು ಹೆಜ್ಜೆ ಆಯಿತೆಂದು ಅವನು ನೋಡಲಿಲ್ಲ.

*ಪಥ್ಯ ಮಾಡುವುದು ನಮ್ಮವರ ಪಂಕ್ತಿಯಲ್ಲಿ ಹೆಚ್ಚು ದಿನ ಕೂರಲು... ಪಂಕ್ತಿ ಬಿಟ್ಟು ಏಳಲು ಅಲ್ಲ.*

ನಿಮಗಾಗಿ ಕಾಲು ಹೋಳಿಗೆ ಮುರಿದಿಟ್ಟು ಕಾಯುತ್ತಿರುವವರು ಯಾರು?